ಸೀತತ್ತೆಯ ಧಾಬಳಿ

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ನಾನು ನಿಂತುಬಿಡುತ್ತೇನೆ. ಮಳೆಗಾಲಕ್ಕೆ ಮುಂಚೆ ನಗರಪಾಲಿಕೆಯವರು ನಮ್ಮ ಬೀದಿಯ ಚರಂಡಿಯುದ್ದಕ್ಕೂ ಬಿಳಿ ಪುಡಿ ಎರಚಿಕೊಂಡು ಹೋಗುತ್ತಾರಲ್ಲ, ಆಗ ನಾನು ತರಕಾರಿ ಚೀಲ ಹಿಡಿದುಕೊಂಡು ಎಲ್ಲಿದ್ದೇನೋ ಅಲ್ಲೇ ನಿಂತು ಒಂದು ಸಲ ಎದೆ ತುಂಬ ಉಸಿರೆಳೆದುಕೊಳ್ಳುತ್ತೇನೆ. ಕಣ್ಣು ಚುರುಚುರು ಎನ್ನುತ್ತದೆ, ಗಂಟಲು ಕೆರೆಯುತ್ತದೆ. ನನ್ನ ಗಂಡ ಇದನ್ನು ಒಂದೆರಡು ಸಲ ನೋಡಿ, ಮಲ್ಲಿಗೆ ಮಾರುವವಳ ಮುಂದೆ ನಿಲ್ಲದವಳು ಚರಂಡಿಯ ಮುಂದೆ ನಿಲ್ಲುತ್ತೀಯಲ್ಲ ಎಂದು ಗೇಲಿ ಮಾಡಿದ್ದಾರೆ. ಆ ವಾಸನೆಯ ಹಿಂದೆ ನನಗೊಂದು ಸೌದೆ ಕೋಣೆಯಿದೆ. ಅದರ ಕಿಟಕಿಯ ಸರಳಿಗೆ ಹಣೆಯೊತ್ತಿಕೊಂಡು ನಿಂತ ಹತ್ತು ವರ್ಷದ ಹುಡುಗಿಯಿದ್ದಾಳೆ, ಒಳಗೆ ಹಿಡಿಯಷ್ಟು ಗಾತ್ರದ ಒಂದು ಬೆಕ್ಕಿನ ಮರಿ ಮಲಗಿದೆ. ಇಷ್ಟನ್ನೆಲ್ಲ ಬೀದಿಯಲ್ಲಿ ನಿಂತು ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಇದ್ದದ್ದು ಮೈಸೂರಿನ ಒಂಟಿಕೊಪ್ಪಲಿನ ಒಂದು ಅಡ್ಡರಸ್ತೆಯಲ್ಲಿ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ ನಿಂತಿದೆ, ಕೆಳಗೆ ಕಾರು ನಿಲ್ಲಿಸುವ ಜಾಗ, ಗೇಟಿನಲ್ಲಿ ಕುರ್ಚಿ ಹಾಕಿಕೊಂಡ ಕಾವಲುಗಾರ. ಹಿಂದೆ ಇದ್ದದ್ದು ಹೆಂಚಿನ ಮನೆ. ಮುಂದೆ ತಂಪು ಗಾರೆಯ ಜಗಲಿ, ಅದನ್ನು ದಾಟಿದರೆ ನಡುಮನೆ, ಬಲಕ್ಕೆ ಅಡುಗೆಮನೆ ಮತ್ತು ದೇವರ ಗೂಡು, ಹಿಂದೆ ಹಿತ್ತಿಲು. ಹಿತ್ತಿಲಿನಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಸೇದುವ ಬಾವಿ, ಬಾವಿಯ ಪಕ್ಕ ತಾಮ್ರದ ಹಂಡೆ ಕೂರಿಸಿದ ಬಚ್ಚಲುಮನೆ, ಅದಕ್ಕೆ ಅಂಟಿಕೊಂಡಂತೆ ಸೌದೆ ಕೋಣೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿತ್ತು, ಆದರೆ ಸ್ನಾನದ ನೀರು ಮಾತ್ರ ಸೌದೆಯಲ್ಲೇ ಕಾಯಬೇಕು. ಹೊಗೆಯ ವಾಸನೆಯಿಲ್ಲದ ಬಿಸಿನೀರು ಮೈಗೆ ಹತ್ತುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಿಮ್ಮಲ್ಲೂ ಕೆಲವರು ಆ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಸ್ಕೂಲಿಗೆ ಹೊರಟವರಿರಬಹುದು. ಮಧ್ಯಾಹ್ನದ ಹೊತ್ತಿಗೆ ಬಚ್ಚಲ ಒಲೆಯ ಬೂದಿ ಹದವಾಗಿ ಬೆಚ್ಚಗಿರುತ್ತಿತ್ತು, ಬೆಕ್ಕುಗಳು ಅಲ್ಲಿ ಮಲಗಿ ಎದ್ದು ಮೈಯೆಲ್ಲ ಬೂದಿ ಮಾಡಿಕೊಂಡು ಒಳಗೆ ಬರುತ್ತಿದ್ದವು.

ಆ ಮನೆಯಲ್ಲಿ ಮನುಷ್ಯರು ನಾಲ್ಕು ಜನ, ಪ್ರಾಣಿಗಳು ಐದು. ಮನುಷ್ಯರೆಂದರೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ, ಸ್ಕೂಲಿನಲ್ಲಿ ಗಣಿತದ ಟೀಚರಾಗಿದ್ದ ಅಮ್ಮ, ನಾನು, ಮತ್ತು ಅಪ್ಪನ ಸೋದರತ್ತೆ ಸೀತಮ್ಮ, ನನ್ನ ಬಾಯಲ್ಲಿ ಸೀತತ್ತೆ. ಪ್ರಾಣಿಗಳಲ್ಲಿ ಹಿರಿಯ ಟೈಗರ್. ಹೆಸರಿಗೆ ಹುಲಿ, ಅಂಚೆಯವನನ್ನು ಕಂಡರೆ ಕಾಂಪೌಂಡಿನ ಮೂಲೆ ಸೇರುತ್ತಿದ್ದ ನಾಯಿ. ಆಮೇಲೆ ದಿವಾನ, ಯಾರು ಕರೆದರೂ ತಿರುಗಿ ನೋಡದ ದಪ್ಪನೆಯ ಗಂಡು ಬೆಕ್ಕು. ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಮುತ್ತಾತನಿಗೆ ಜೀವನವಿಡೀ ಸಿಗದ ಪದವಿ ಅವರ ಮನೆಯ ಬೆಕ್ಕಿಗಾದರೂ ಸಿಗಲಿ ಎಂದು ಅಪ್ಪ ಇಟ್ಟ ಹೆಸರು ಅದು. ಆಮೇಲೆ ಚಿನ್ನಿ ಎಂಬ ಹೆಣ್ಣು ಬೆಕ್ಕು. ಆ ವರ್ಷ, ಅಂದರೆ ತೊಂಬತ್ತರ ದಶಕದ ನಡುವೆ ಯಾವುದೋ ಒಂದು ವರ್ಷ, ಸಂಕ್ರಾಂತಿಯ ಹಿಂದಿನ ದಿನ ಚಿನ್ನಿ ಸೌದೆ ಕೋಣೆಯಲ್ಲಿ ಎರಡು ಮರಿ ಹಾಕಿತು. ಒಂದು ಬಿಳಿ ಮೈಮೇಲೆ ಕಪ್ಪು ಚುಕ್ಕಿಯದು, ಇನ್ನೊಂದು ಕಂದು. ಎಳ್ಳು, ಬೆಲ್ಲ ಎಂದು ಹೆಸರಿಡಲು ನಮಗೆ ಐದು ನಿಮಿಷವೂ ಬೇಕಾಗಲಿಲ್ಲ. ಎಳ್ಳು ನನ್ನದಾಯಿತು. ಬೆಲ್ಲ ಯಾರದೂ ಅಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಆದರೆ ಅದು ಸೀತತ್ತೆಯದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಸೀತತ್ತೆಗೆ ಆಗ ಎಪ್ಪತ್ತರ ಮೇಲೆ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಆ ಮನೆಯಲ್ಲೇ ಉಳಿದುಬಿಟ್ಟರು. ಅವರ ಬದುಕಿನ ದೊಡ್ಡ ವಿದ್ಯೆ ಮಡಿ. ಬೆಳಗ್ಗೆ ಬಾವಿಯ ನೀರು ಮೈಮೇಲೆ ಸುರಿದುಕೊಂಡು, ಹಿಂದಿನ ದಿನ ಕೋಲಿನಿಂದ ಗಳುವಿನ ಮೇಲೆ ಹರವಿದ್ದ ಸೀರೆಯನ್ನು ಅದೇ ಕೋಲಿನಿಂದ ಇಳಿಸಿ ಉಟ್ಟುಕೊಂಡರೆಂದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಅವರನ್ನು ಯಾರೂ ಸೋಕುವಂತಿಲ್ಲ. ನಾನು ಸ್ಕೂಲಿನಿಂದ ಓಡಿಬಂದು ಅಪ್ಪಿತಪ್ಪಿ ಸೆರಗು ತಾಕಿದರೆ ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಮತ್ತೆ ಬಾವಿಕಟ್ಟೆಗೆ ನಡೆಯುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ತಾಗುತ್ತಿತ್ತು. ನಾಯಿ ಹೊಸಿಲು ದಾಟುವಂತಿಲ್ಲ, ಬೆಕ್ಕು ದಾಟಬಹುದು; ಬೆಕ್ಕಿಗೆ ಮೈಲಿಗೆಯಿಲ್ಲ ಎಂದು ಅವರ ಕಾನೂನು. ಹತ್ತಿ ಸೀರೆ ಮುಟ್ಟಿದರೆ ಮೈಲಿಗೆ, ರೇಷ್ಮೆಗೆ ಇಲ್ಲ, ಉಣ್ಣೆಗೆ ಇಲ್ಲವೇ ಇಲ್ಲ. ಹಾಗಾಗಿ ಅವರ ಬಳಿ ಒಂದು ಧಾಬಳಿ ಇತ್ತು, ಕಂದು ಬಣ್ಣದ, ಅಂಚು ಸವೆದ ಉಣ್ಣೆಯ ವಸ್ತ್ರ. ಮಳೆಗಾಲದಲ್ಲಿ ಸೀರೆ ಒಣಗದಿದ್ದರೆ ಅದನ್ನೇ ಸುತ್ತಿಕೊಳ್ಳುತ್ತಿದ್ದರು, ಉಳಿದ ದಿನ ಮಡಿಸಿ ಮಣೆಯ ಮೇಲೆ ಹಾಸಿಕೊಂಡು ಅದರ ಮೇಲೆ ಜಪಕ್ಕೆ ಕೂರುತ್ತಿದ್ದರು. ಅಮ್ಮನಿಗೆ ಈ ಮಡಿಯೆಂದರೆ ಅಷ್ಟಕ್ಕಷ್ಟೆ. ಗಣಿತದ ಟೀಚರ್ ತಾನೆ, ಇದು ಮುಟ್ಟಿದರೆ ಹೋಗುತ್ತದೆ ಅದು ಮುಟ್ಟಿದರೆ ಹೋಗುವುದಿಲ್ಲ ಎಂಬ ಲೆಕ್ಕ ಅವರಿಗೆ ಕೂಡಿಬರುತ್ತಿರಲಿಲ್ಲ. ಎದುರಾಡುತ್ತಿರಲಿಲ್ಲ, ಪಾತ್ರೆ ಇಡುವಾಗ ಸ್ವಲ್ಪ ಜೋರಾಗಿ ಇಡುತ್ತಿದ್ದರು.

ಯುಗಾದಿ ಕಳೆದ ಮೇಲಿನ ಒಂದು ಬೆಳಗ್ಗೆ ಎಳ್ಳು ಹಾಲು ಮುಟ್ಟಲಿಲ್ಲ. ನಾನು ಹೊಟ್ಟೆ ತುಂಬಿರಬೇಕು ಎಂದುಕೊಂಡು ಸ್ಕೂಲಿಗೆ ಹೋದೆ. ಸಂಜೆ ಬಂದಾಗ ಸೀತತ್ತೆ ಬಾವಿಕಟ್ಟೆಯ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದರು. ಟೈಗರನಿಗೆಂದು ನೀರು ತುಂಬಿಟ್ಟಿದ್ದ ಕಲ್ಲುಮರಿಗೆಯ ಅಂಚಿಗೆ ಗದ್ದವಿಟ್ಟುಕೊಂಡು ಎಳ್ಳು ಕುಳಿತಿತ್ತು. "ಮಧ್ಯಾಹ್ನದಿಂದ ಹೀಗೇ ಕೂತಿದೆ ಕಣೇ. ನೀರು ನೋಡ್ತಿದೆ, ಕುಡೀತಿಲ್ಲ," ಎಂದರು. ನಾನು ಎತ್ತಿಕೊಂಡೆ. ಮೈ ಕಾದ ಹಂಚಿನಂತಿತ್ತು. ಎತ್ತಿದ ಕೂಡಲೇ ಹಳದಿ ನೊರೆ ವಾಂತಿ ಮಾಡಿತು. ಅಪ್ಪ ಎರಡನೇ ಶಿಫ್ಟಿಗೆ ಹೋಗಿದ್ದರು. ಅಮ್ಮ ಕೈಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಹಾಗೇ ಇಟ್ಟು, ಮಾವಿನಕಾಯಿ ತಂದಿದ್ದ ಬಿದಿರು ಬುಟ್ಟಿಗೆ ಹಳೆಯ ಪಂಚೆ ಹಾಸಿ, ನನ್ನನ್ನೂ ಬುಟ್ಟಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ದನದ ಆಸ್ಪತ್ರೆಗೆ ಹೊರಟರು. ಆಗ ಬೆಕ್ಕಿಗೆಂದು ಬೇರೆ ಆಸ್ಪತ್ರೆ ಇತ್ತೋ ಇಲ್ಲವೋ, ನಮಗೆ ಗೊತ್ತಿದ್ದದ್ದು ಅದೊಂದೇ. ನಮ್ಮ ಮುಂದೆ ಒಂದು ಎಮ್ಮೆ, ಒಂದು ಮೇಕೆ ಸರದಿಯಲ್ಲಿದ್ದವು. ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ ಎಂದು ಬೇರೆ ಹೇಳಬೇಕೆ?

ಡಾಕ್ಟರು ಮಂಡ್ಯ ಕಡೆಯ ಹುಡುಗ, ಹೊಸದಾಗಿ ಬಂದವರು. ಎಳ್ಳಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಬೆನ್ನಿನ ಚರ್ಮ ಚಿವುಟಿ ಎತ್ತಿ ಅದು ಕೆಳಗಿಳಿಯಲು ಎಷ್ಟು ಹೊತ್ತಾಗುತ್ತದೆ ಎಂದು ನೋಡಿದರು. ಆಮೇಲೆ, "ಮನೇಲಿ ಬ್ಯಾರೆ ಬೆಕ್ಕವಾ?" ಎಂದು ಕೇಳಿದರು. ಇನ್ನೂ ಮೂರಿವೆ, ಅದರಲ್ಲೊಂದು ಇದರ ಜೊತೆ ಹುಟ್ಟಿದ ಮರಿ ಎಂದರು ಅಮ್ಮ. "ಇದು ಅಂಟುರೋಗ ಕಣಮ್ಮ. ಮರಿಗಳಿಗೆ ಬಂದ್ರೆ ಉಳಿಯೋದು ಕಷ್ಟ. ಇದನ್ನ ಬ್ಯಾರೆ ಇಟ್ಬುಡಿ. ಇದು ಮುಟ್ಟಿದ್ದ ಅವು ಮುಟ್ಟಬಾರ್ದು, ಇದನ್ನ ಮುಟ್ಟಿದೋರೂ ಅವನ್ನ ಮುಟ್ಟಬಾರ್ದು." ನಾಯಿಗೂ ಮನುಷ್ಯರಿಗೂ ಅಂಟುವುದಿಲ್ಲ, ಬೆಕ್ಕಿಗೆ ಮಾತ್ರ. ಇದಕ್ಕೆ ಮುಂಚೆಯೇ ಹಾಕಿಸುವ ಚುಚ್ಚುಮದ್ದು ಇದೆಯಂತೆ, ತಮ್ಮ ಆಸ್ಪತ್ರೆಗೆ ಅದು ಬಂದಿಲ್ಲ ಎಂದೂ ಹೇಳಿದರು. ಚರ್ಮದಡಿಗೆ ಸಲೈನ್ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ದಿನಾ ಕರೆತನ್ನಿ ಎಂದರು. ಸಕ್ಕರೆ ಉಪ್ಪಿನ ನೀರನ್ನು ಗಂಟೆಗೊಮ್ಮೆ ಚಮಚದಲ್ಲಿ ಕುಡಿಸಬೇಕು, ಅದು ಇದ್ದ ಜಾಗವನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯಬೇಕು.

ಮನೆಗೆ ಬಂದು ಅಮ್ಮ ಇದನ್ನೆಲ್ಲ ಹೇಳಿದಾಗ ಸೀತತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಇದು ಮುಟ್ಟಿದ್ದನ್ನ ಅವು ಮುಟ್ಟಬಾರದು, ಅಷ್ಟೇ ತಾನೆ? ಇದನ್ನ ತಿಳ್ಕೊಳ್ಳೋಕೆ ಆ ಹುಡುಗ ಐದು ವರ್ಷ ಕಾಲೇಜಿಗೆ ಹೋಗಿದ್ನಂತಾ?" ಎಂದವರೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ನಡೆದರು. ಅರ್ಧ ಗಂಟೆಯಲ್ಲಿ ಸೌದೆಯೆಲ್ಲ ಬಚ್ಚಲ ಸೂರಿನಡಿಗೆ ಬಂದಿತ್ತು, ಕೋಣೆ ಖಾಲಿಯಾಗಿತ್ತು, ನೆಲ ಬ್ಲೀಚಿಂಗ್ ನೀರಿನಲ್ಲಿ ತೋಯ್ದಿತ್ತು. ಆ ಕೋಣೆಗೆ ಇನ್ನು ಹೋಗುವವರು ತಾವೊಬ್ಬರೇ ಎಂದು ಅಪ್ಪಣೆಯಾಯಿತು. ನನಗೆ ಕಿಟಕಿಯಲ್ಲಿ ನಿಲ್ಲಲು ಮಾತ್ರ ಅನುಮತಿ, ಸರಳಿನೊಳಗೆ ಕೈ ಹಾಕಿದರೆ ಆ ಅನುಮತಿಯೂ ರದ್ದು. ಐವತ್ತು ವರ್ಷ ಈ ಮನೆಯಲ್ಲಿ ಎಲ್ಲರೂ ನಕ್ಕು, ಸಹಿಸಿಕೊಂಡು, ಒಳಗೊಳಗೇ ಬೈದುಕೊಂಡಿದ್ದ ಅವರ ವಿದ್ಯೆಗೆ ಒಮ್ಮೆಗೇ ಬೆಲೆ ಬಂದುಬಿಟ್ಟಿತ್ತು. ಅವರ ಹೆಜ್ಜೆಯಲ್ಲೇ ಅದು ಕಾಣುತ್ತಿತ್ತು. ಯಾವ ಪಾತ್ರೆ ಎಲ್ಲಿಡಬೇಕು, ಯಾವ ಕೈಯಲ್ಲಿ ಚಿಲಕ ತೆಗೆಯಬೇಕು, ಹೊರಬಂದ ಮೇಲೆ ಎಲ್ಲಿ ಕಾಲಿಡಬೇಕು, ಎಲ್ಲಕ್ಕೂ ಒಂದು ಕ್ರಮ ಏರ್ಪಟ್ಟಿತು.

ಅಪ್ಪನಿಗೆ ಕೂಸಾಗಿದ್ದಾಗ ಹಾಲು ಕುಡಿಸುತ್ತಿದ್ದ ಹಿತ್ತಾಳೆಯ ಒಳಲೆಯೊಂದು ಅಟ್ಟದ ಮೇಲಿತ್ತು. ಅದನ್ನು ಇಳಿಸಿದರು. ಅದರ ಚೂಪು ಮೂತಿಯನ್ನು ಎಳ್ಳಿನ ಬಾಯಿಯ ಮೂಲೆಗಿಟ್ಟು ಸಕ್ಕರೆ ಉಪ್ಪಿನ ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದರು. ಮಕ್ಕಳಿಲ್ಲದ ಅವರು ಅಪ್ಪನನ್ನು ಬೆಳೆಸಿದ್ದು ಹೀಗೇ ಇರಬೇಕು ಎಂದು ಕಿಟಕಿಯಿಂದ ನೋಡುತ್ತಾ ನನಗೆ ಅನ್ನಿಸುತ್ತಿತ್ತು. "ಕುಡಿ, ಇನ್ನೊಂದು ತೊಟ್ಟು, ನಿನ್ನ ತಾತನೂ ಹೀಗೇ ಹಟ ಮಾಡ್ತಿದ್ದ," ಎಂದು ಅವರು ಅದಕ್ಕೆ ಹೇಳುತ್ತಿದ್ದರು. ಎಳ್ಳಿನ ತಾತ ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕುಡಿಸಿ ಮುಗಿಸಿ ಹೊರಬಂದರೆ ಒಳಲೆ ಕುದಿಯುವ ನೀರಿಗೆ, ಹಾಸಿದ್ದ ಪಂಚೆಯ ತುಂಡು ಬಚ್ಚಲ ಒಲೆಗೆ, ಅವರು ನೇರ ಬಾವಿಕಟ್ಟೆಗೆ. ತಲೆಯ ಮೇಲೆ ನೀರು, ಬೇರೆ ಸೀರೆ, ಆಮೇಲೆಯೇ ಒಳಗೆ. ಹೀಗೆ ದಿನಕ್ಕೆ ಏಳೆಂಟು ಸ್ನಾನ. ಉಟ್ಟ ಸೀರೆ ಒಣಗಲು ಪುರುಸೊತ್ತಿರಲಿಲ್ಲ, ಹಿತ್ತಿಲ ತುಂಬ ಹಗ್ಗ ಕಟ್ಟಿ ಹಾಕಿದ್ದ ಅವರ ನಾಲ್ಕು ಸೀರೆಗಳ ನಡುವೆ ನುಗ್ಗೆ ಮರವೇ ಮರೆಯಾಗಿತ್ತು. ದೂರದಲ್ಲಿ ನಿಂತು ಬಾವಿಯಿಂದ ನೀರು ಸೇದಿ ಅವರ ಬಿಂದಿಗೆಗೆ ಸೋಕದಂತೆ ಸುರಿಯುವುದು ನನ್ನ ಕೆಲಸವಾಗಿತ್ತು. ಅಂಗೈ ಬೊಬ್ಬೆಯೆದ್ದಿತು. ಅಮ್ಮ ಎರಡನೇ ದಿನ ಅಪ್ಪನಿಗೆ, "ಅತ್ತೆ ಇಲ್ದಿದ್ರೆ ನಮ್ಮ ಕೈಲಿ ಇದು ಆಗ್ತಿರಲಿಲ್ಲ ಕಣ್ರೀ," ಎಂದದ್ದನ್ನು ನಾನು ಕೇಳಿದೆ. ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಅತ್ತೆಯ ಮಡಿಯ ಬಗ್ಗೆ ಅಮ್ಮ ಆಡಿದ ಮೊದಲ ಒಳ್ಳೆಯ ಮಾತು ಅದು.

ಎರಡನೇ ದಿನ ಮಧ್ಯಾಹ್ನ ಎಳ್ಳಿಗೆ ನಡುಕ ಹತ್ತಿತು. ಹೊರಗೆ ಏಪ್ರಿಲ್ ಬಿಸಿಲು ಹೆಂಚನ್ನು ಸುಡುತ್ತಿತ್ತು, ಒಳಗೆ ಆ ಮರಿ ಗಡಗಡ ನಡುಗುತ್ತಿತ್ತು. ಸೀತತ್ತೆ ಸ್ವಲ್ಪ ಹೊತ್ತು ನೋಡಿ, ಎದ್ದುಹೋಗಿ ಮಣೆಯ ಮೇಲಿದ್ದ ಧಾಬಳಿ ತಂದು ಹೊದ್ದಿಸಿದರು. ಅವರಿಗೆ ಇದ್ದದ್ದು ಅದೊಂದೇ. ಕೆಳಗೆ ಪಂಚೆಯ ತುಂಡು ಇರುತ್ತಿದ್ದರಿಂದ ಧಾಬಳಿಗೆ ಕೊಳೆಯಾಗುತ್ತಿರಲಿಲ್ಲ. ಮಾರನೆಯ ಬೆಳಗ್ಗೆ ಜಪಕ್ಕೆ ಅದು ಬೇಕಲ್ಲ, ತೆಗೆದುಕೊಂಡು ಬಂದು ಬಾವಿಕಟ್ಟೆಯ ಹತ್ತಿರ ನಾಲ್ಕು ಸಲ ಕೊಡವಿ, ಒಂದಿಷ್ಟು ಹೊತ್ತು ಬಿಸಿಲಿಗೆ ಹಾಕಿ, ಮಡಿಸಿ ಮಣೆಯ ಮೇಲಿಟ್ಟರು. ಅವರು ಕೂತ ಎರಡು ನಿಮಿಷಕ್ಕೆ ಎಂದಿನಂತೆ ಬೆಲ್ಲ ಬಂದು, ಧಾಬಳಿಯ ಹೊರಚಾಚಿದ ತುದಿಯ ಮೇಲೆ ಮುದುರಿ ಮಲಗಿತು. ಮಧ್ಯಾಹ್ನ ಧಾಬಳಿ ಮತ್ತೆ ಸೌದೆ ಕೋಣೆಗೆ ಹೋಯಿತು. ಅದರ ಮಾರನೆಯ ಬೆಳಗ್ಗೆ ಮತ್ತೆ ದೇವರ ಮುಂದೆ ಬಂತು.

ನನಗೆ ಆಗ ಹತ್ತು ವರ್ಷ, ಕಂಡದ್ದನ್ನು ಕೇಳದೆ ಬಿಡುವ ವಯಸ್ಸಲ್ಲ. ಬಾವಿಯ ಹಗ್ಗ ಹಿಡಿದು ನಿಂತಿದ್ದವಳು, "ಧಾಬಳಿ ಒಗೆಯೋದಿಲ್ವಾ ಸೀತತ್ತೆ?" ಎಂದು ಕೇಳಿದೆ. ಅವರು ಕೊಡವುತ್ತಿದ್ದದ್ದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಕೋಪದಿಂದಲ್ಲ, ಪಾಠ ಹೇಳಿಕೊಡುವವರ ಹಾಗೆ. "ಉಣ್ಣೆಗೆ ಮೈಲಿಗೆ ಎಲ್ಲಿಂದ ಬರತ್ತೆ ಮಗು?" ಅಷ್ಟೇ. ನನಗೆ ಅದು ಸರಿಯೆಂದೇ ತೋರಿತು. ಅಷ್ಟು ತೊಳೆಯುವವರು, ಅಷ್ಟು ಮೀಯುವವರು, ಬೇಲಿಯ ಒಂದು ಕಡ್ಡಿಯೂ ಅಲುಗದಂತೆ ಕಾಯುವವರು, ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು? ಸೇದಿದ ನೀರನ್ನು ಬಿಂದಿಗೆಗೆ ಸುರಿದು ನಾನು ಮತ್ತೆ ಕಿಟಕಿಗೆ ಹೋದೆ.

ದಿನಾ ಸಂಜೆ ಅಮ್ಮ ಎಳ್ಳನ್ನು ಬುಟ್ಟಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು, ಬಂದ ಮೇಲೆ ಅವರಿಗೂ ಬಾವಿಕಟ್ಟೆಯೇ ಗತಿ. ನಾಲ್ಕನೇ ದಿನ ವಾಂತಿ ನಿಂತಿತು. ಐದನೇ ದಿನ ಬೆಳಗ್ಗೆ ನಾನು ಕಿಟಕಿಗೆ ಹೋದಾಗ ಎಳ್ಳು ತಲೆಯೆತ್ತಿ ನನ್ನನ್ನು ನೋಡಿತು, ಆಮೇಲೆ ಮುಂಗಾಲೊಂದನ್ನು ಚಾಚಿ ನೆಕ್ಕತೊಡಗಿತು. ಬೆಕ್ಕು ತನ್ನ ಮೈ ತಾನು ನೆಕ್ಕಿಕೊಂಡರೆ ಬದುಕುವ ಮನಸ್ಸು ಮಾಡಿದೆ ಎಂದು ಅರ್ಥ, ಡಾಕ್ಟರು ಹಾಗೆ ಹೇಳಿದ್ದರು. ನಾನು ಕಿರುಚಿದ್ದಕ್ಕೆ ಮನೆಯವರೆಲ್ಲ ಓಡಿಬಂದರು, ಟೈಗರ್ ಸುಮ್ಮನೆ ಬೊಗಳಿತು. ಸೀತತ್ತೆ ಒಳಗೆ ಹೋಗಿ ಒಳಲೆಯಲ್ಲಿ ಗಂಜಿ ಕೊಟ್ಟರು, ಎಳ್ಳು ಮೂತಿ ತಿರುಗಿಸಿ ಬಟ್ಟಲಿಗೇ ಬಾಯಿ ಹಾಕಿತು. ಹೊರಬಂದು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಾ ಅವರು ನಗುತ್ತಿದ್ದರು. ಒದ್ದೆ ಸೀರೆಯಲ್ಲಿ, ಬಾಯಿಗೆ ನೀರು ಹೋಗುತ್ತಿದ್ದರೂ, ಶಬ್ದ ಮಾಡಿ ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅದಾಗಿ ಮೂರು ದಿನಕ್ಕೆ ಬೆಲ್ಲ ಜಪದ ಹೊತ್ತಿಗೆ ಬರಲಿಲ್ಲ. ಹುಡುಕಿದರೆ ಬಚ್ಚಲ ಒಲೆಯ ಹಿಂದೆ, ತಣ್ಣಗಾದ ಬೂದಿಯಲ್ಲಿ ಮಲಗಿತ್ತು. ಈ ಸಲ ಎಲ್ಲರಿಗೂ ಕೂಡಲೇ ಗೊತ್ತಾಯಿತು, ಎಲ್ಲರೂ ಬೇಗ ಬೇಗ ಕೆಲಸ ಮಾಡಿದೆವು. ಅದೇ ಬುಟ್ಟಿ, ಅದೇ ಆಸ್ಪತ್ರೆ, ಅದೇ ಒಳಲೆ. ಎಳ್ಳು ಹಟ ಮಾಡಿದಷ್ಟು ಬೆಲ್ಲ ಹಟ ಮಾಡಲಿಲ್ಲ. ಕುಡಿಸಿದ್ದನ್ನು ಕುಡಿಯಿತು, ಕುಡಿದದ್ದೆಲ್ಲ ಹೊರಗೆ ಬಂತು. ಎರಡನೇ ದಿನ ಮಧ್ಯಾಹ್ನ ಸೀತತ್ತೆಯ ಅಂಗೈಯಲ್ಲೇ ಪ್ರಾಣ ಬಿಟ್ಟಿತು. ಕಿಟಕಿಯಲ್ಲಿದ್ದ ನನಗೆ ಅದು ತಿಳಿಯಲಿಲ್ಲ, ಅವರು ಇನ್ನೂ ಒಳಲೆ ಹಿಡಿದುಕೊಂಡೇ ಕೂತಿದ್ದರು. ಎಷ್ಟೋ ಹೊತ್ತಾದ ಮೇಲೆ, "ನಿಮ್ಮಮ್ಮನ್ನ ಕರಿ," ಎಂದರು. ಅಪ್ಪ ನುಗ್ಗೆ ಮರದ ಬುಡದಲ್ಲಿ ಆಳವಾಗಿ ತೋಡಿ, ಸುಣ್ಣ ಹಾಕಿ ಹೂಳಿದರು. ಚಿನ್ನಿ ಎರಡು ದಿನ ಮನೆಯೆಲ್ಲ ಸುತ್ತಿ ಕರೆಯಿತು. ಆ ಕೂಗು ಕೇಳಿದಾಗಲೆಲ್ಲ ನಾನು ಕಿವಿ ಮುಚ್ಚಿಕೊಂಡು ಅಳುತ್ತಿದ್ದೆ.

ಡಾಕ್ಟರು ಒಳ್ಳೆಯವರು. ದೊಡ್ಡ ಬೆಕ್ಕುಗಳನ್ನು ನೋಡಿಹೋಗಲು ಒಂದು ಸಂಜೆ ತಾವೇ ಮನೆಗೆ ಬಂದರು. ದಿವಾನನನ್ನೂ ಚಿನ್ನಿಯನ್ನೂ ಪರೀಕ್ಷೆ ಮಾಡಿ, ಇವು ಹಿಂದೆ ಯಾವಾಗಲೋ ಈ ರೋಗ ದಾಟಿ ಬಂದಿರಬೇಕು, ಭಯವಿಲ್ಲ ಎಂದರು. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹಾಗೇ ಯೋಚಿಸುವವರಂತೆ, "ನೀವು ಇಷ್ಟು ಚೆನ್ನಾಗಿ ನೋಡ್ಕೊಂಡೂ ಆ ಇನ್ನೊಂದು ಮರಿಗೆ ಎಂಗೆ ಬಂತು ಅಂತೀನಿ. ಏನೋ ಒಂದು ವಸ್ತು ಅಲ್ಲಿಂದ ಇಲ್ಲಿಗೆ ಬಂದಿರ್ಬೇಕು," ಎಂದರು. ಅಮ್ಮ ಒಂದೊಂದೇ ಹೇಳಿದರು. ಪಾತ್ರೆ ಬೇರೆ, ಪೊರಕೆ ಬೇರೆ, ಬಟ್ಟೆ ಸುಡುತ್ತಿದ್ದೆವು. ನಮ್ಮತ್ತೆಯ ಮಡಿ ನಿಮಗೆ ಗೊತ್ತಿಲ್ಲ, ದಿನಕ್ಕೆ ಎಂಟು ಸಲ ತಲೆಗೆ ನೀರು ಹಾಕಿಕೊಂಡಿದ್ದಾರೆ, ಅವರಿಂದ ತಪ್ಪಾಗುವ ಮಾತೇ ಇಲ್ಲ ಎಂದು ಹೆಮ್ಮೆಯಿಂದಲೇ ಹೇಳಿದರು. ನಡುಮನೆಯ ಬಾಗಿಲ ಹಿಂದೆ ಸೀತತ್ತೆ ನಿಂತಿದ್ದರು. ಹೊರಗಿನ ಗಂಡಸರ ಮುಂದೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಬಾಗಿಲ ಹಿಂದಿನಿಂದಲೇ ಕೇಳಿದರು. "ಉಣ್ಣೆಗೂ ಅಂಟತ್ತಾ ಡಾಕ್ಟ್ರೇ?"

"ಉಣ್ಣೇಲೇ ಕಣಮ್ಮ ಜಾಸ್ತಿ ದಿವ್ಸ ಕೂತಿರೋದು. ಕೊಡವಿದ್ರೆ ಹೋಗೋದಲ್ಲ ಅದು," ಎಂದರು ಡಾಕ್ಟರು, ಲೋಟ ಕೆಳಗಿಡುತ್ತಾ. ಯಾರು ಕೇಳಿದ್ದು, ಯಾಕೆ ಕೇಳಿದ್ದು ಎಂಬುದು ಅವರಿಗೆ ತಿಳಿಯಲಿಲ್ಲ. ಅಮ್ಮನಿಗೆ ತಿಳಿಯಿತು, ನನಗೂ ತಿಳಿಯಿತು. ಅಮ್ಮ ನನ್ನ ಕಡೆ ನೋಡಲಿಲ್ಲ, ನಾನು ಅಮ್ಮನ ಕಡೆ ನೋಡಲಿಲ್ಲ.

ಮಾರನೆಯ ದಿನ ಸೀತತ್ತೆ ಬಚ್ಚಲ ಹಂಡೆಯಲ್ಲಿ ನೀರು ಮರಳಿಸಿ, ದೊಡ್ಡ ಬಾನಿಗೆ ತೋಡಿ, ಬ್ಲೀಚಿಂಗ್ ಪೌಡರ್ ಹಾಕಿ, ಧಾಬಳಿಯನ್ನು ಅದರಲ್ಲಿ ಅದ್ದಿದರು. ಮಧ್ಯಾಹ್ನ ಕೋಲಿನಿಂದ ಎತ್ತಿ ಹಗ್ಗದ ಮೇಲೆ ಹಾಕಿದಾಗ ಅದು ಅರ್ಧಕ್ಕರ್ಧ ಮುದುಡಿಹೋಗಿತ್ತು. ಬಣ್ಣ ಹಾರಿ, ಗಟ್ಟಿಯಾಗಿ, ಮಗುವಿಗೆ ಹೊದಿಸಲೂ ಸಾಲದ ಒಂದು ತುಂಡಾಗಿತ್ತು. ಅಪ್ಪ ಹೊಸದು ತಂದುಕೊಡುತ್ತೇನೆಂದರು. ಬೇಡ ಎಂದರು. ಆಮೇಲೆ ಅವರು ಬರಿಯ ಮರದ ಮಣೆಯ ಮೇಲೆ ಕೂತೇ ಜಪ ಮಾಡಿದರು. ಮಡಿಯನ್ನು ಬಿಡಲಿಲ್ಲ, ಆದರೆ ಅದರ ಬಗ್ಗೆ ಯಾರಿಗೂ ಏನೂ ಹೇಳಿಕೊಡುವುದನ್ನು ಬಿಟ್ಟರು. ನಾನು ಓಡಿಬಂದು ಸೆರಗು ಸೋಕಿದರೆ ಸುಮ್ಮನೆ ಇದ್ದುಬಿಡುತ್ತಿದ್ದರು. ಬಾವಿಕಟ್ಟೆಗೆ ಹೋಗುತ್ತಿರಲಿಲ್ಲ. ನನಗೆ ಅವರು ಮೊದಲಿನ ಹಾಗೆ ಎದ್ದುಹೋಗಿದ್ದರೇ ಚೆನ್ನಾಗಿತ್ತು.

ಎಳ್ಳು ಮಾತ್ರ ಅವರನ್ನು ಬಿಡುತ್ತಿರಲಿಲ್ಲ. ಐದು ದಿನ ತೊಡೆಯ ಮೇಲಿಟ್ಟುಕೊಂಡು ಬದುಕಿಸಿದವರಲ್ಲವೇ, ಅವರು ಎಲ್ಲಿ ಕೂತರೂ ಅಲ್ಲಿಗೆ ಬಂದು ತೊಡೆ ಹತ್ತಲು ನೋಡುತ್ತಿತ್ತು. ಸೀತತ್ತೆ ಕಾಲು ಹಿಂದಕ್ಕೆಳೆದುಕೊಂಡು, ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಳ್ಳುತ್ತಿದ್ದರು. "ನನ್ನ ಹತ್ರ ಬೇಡ ಕಣೇ, ನನ್ನ ಕೈ ಆಗಲ್ಲ. ಅತ್ಲಾಗೆ ಹೋಗು," ಎನ್ನುತ್ತಿದ್ದರು. ಬೇಸರದಿಂದ ಹೇಳುತ್ತಿದ್ದಾರೆ ಎಂದು ಮೊದಮೊದಲು ಅಂದುಕೊಂಡಿದ್ದೆ. ಒಂದು ದಿನ ಎಳ್ಳು ಹಟ ಹಿಡಿದು ಅವರ ಪಾದಕ್ಕೆ ಮೈಯುಜ್ಜಿದಾಗ ಅವರ ಮುಖದಲ್ಲಿ ಹೆದರಿಕೆ ಕಂಡೆ. ತನ್ನಿಂದ ಅದಕ್ಕೇನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆ. ಮೈಲಿಗೆ ಹೊರಗಿನಿಂದ ಬರುತ್ತದೆ ಎಂದು ಬದುಕಿಡೀ ತಿಳಿದಿದ್ದವರು ಈಗ ಅದು ತಮ್ಮ ಕೈಯಲ್ಲೇ ಕೂತಿದೆ ಎಂದು ನಂಬಿಬಿಟ್ಟಿದ್ದರು. ಎಳ್ಳು ಕೊನೆಗೆ ಕಲಿತುಕೊಂಡಿತು. ಅವರಿಂದ ಒಂದು ಮಾರು ದೂರದಲ್ಲಿ, ಆದರೆ ಅವರಿಗೆ ಕಾಣುವ ಹಾಗೆ ಕೂರುತ್ತಿತ್ತು. ಒಂಬತ್ತು ವರ್ಷ ಹಾಗೇ ಕೂತಿತು.

ನಾನು ಕಾಲೇಜಿನಲ್ಲಿದ್ದಾಗ ಸೀತತ್ತೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು. ನಡುಮನೆಯಲ್ಲಿ ಅವರ ಮಂಚ. ಮೈ ಒರೆಸುವುದು, ಸೀರೆ ಬದಲಾಯಿಸುವುದು, ತಲೆ ಬಾಚುವುದು ಎಲ್ಲ ಅಮ್ಮನದು ಮತ್ತು ನನ್ನದು. ಐವತ್ತು ವರ್ಷ ಯಾರಿಗೂ ಮುಟ್ಟಲು ಕೊಡದ ಮೈಯನ್ನು ಅವರು ಒಂದು ಮಾತಿಲ್ಲದೆ ನಮ್ಮ ಕೈಗೆ ಕೊಟ್ಟುಬಿಟ್ಟರು. ಒಂದು ಮಧ್ಯಾಹ್ನ ಅಮ್ಮ ಸ್ಕೂಲಿನಿಂದ ಬಂದಿರಲಿಲ್ಲ. ಅವರನ್ನು ಎತ್ತಿ ಕೂರಿಸಿ, ಬಾಚಣಿಗೆ ಹಿಡಿದುಕೊಂಡು ಅವರ ಹಿಂದೆ ಕೂತಿದ್ದೆ, ಮುಖ ಕಾಣುತ್ತಿರಲಿಲ್ಲ, ಅದರಿಂದಲೇ ನನಗೆ ಮಾತು ಬಂದಿರಬೇಕು. "ಸೀತತ್ತೆ, ಆವತ್ತು ನಾನು ಕೇಳಿದ್ದೆ, ಧಾಬಳಿ ಒಗೆಯೋದಿಲ್ವಾ ಅಂತ. ಇನ್ನೊಂದು ಸಲ ಕೇಳಬೇಕಿತ್ತು. ಅಮ್ಮನಿಗಾದ್ರೂ ಹೇಳಬೇಕಿತ್ತು." ಒಂಬತ್ತು ವರ್ಷ ಒಳಗೇ ಇದ್ದದ್ದು ಎರಡೇ ಮಾತಿನಲ್ಲಿ ಮುಗಿದುಹೋಯಿತು.

"ನೀನು ಕೇಳಿದ್ದೆ ಕಣೇ," ಎಂದರು ಅವರು. "ಅದು ನಂಗೆ ಚೆನ್ನಾಗಿ ನೆನಪಿದೆ. ಮಗೂಗೆ ಗೊತ್ತಾದದ್ದು ನಂಗೆ ಗೊತ್ತಾಗ್ಲಿಲ್ಲವಲ್ಲ ಅಂತ ಇಷ್ಟು ದಿವಸ ನಿನ್ನ ಮುಖ ನೋಡೋಕೆ ನಂಗೇ ನಾಚಿಕೆ. ನೀನ್ಯಾಕೆ ಅದನ್ನ ಹೊತ್ಕೊಂಡಿದ್ದೀಯ?" ನಾನು ಬಾಚಣಿಗೆ ಕೆಳಗಿಟ್ಟು ಅವರ ಬೆನ್ನಿಗೆ ಹಣೆಯಿಟ್ಟು ಅತ್ತುಬಿಟ್ಟೆ. ಅವರು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಎಳ್ಳು ಎಲ್ಲಿದೆ?" ಎಂದು ಕೇಳಿದರು. ಎಂದಿನಂತೆ ಮಂಚದಿಂದ ಒಂದು ಮಾರು ದೂರ, ಕಂಬದ ಪಕ್ಕ ಕೂತಿತ್ತು. "ಒಂದು ಚೊಂಬು ನೀರು ತಾ. ಸೋಪೂ ತಾ," ಎಂದರು.

ತಂದಿಟ್ಟೆ. ಅವರು ಎರಡೂ ಕೈ ಮುಂದೆ ಚಾಚಿದರು. ತಟ್ಟೆ ಹಿಡಿದು ನೀರು ಹಾಕಿದೆ. ಸೋಪು ಹಚ್ಚಿ, ಬೆರಳಿನ ಸಂದಿ, ಉಗುರಿನ ಬುಡ, ಮಣಿಕಟ್ಟು, ಒಂದನ್ನೂ ಬಿಡದೆ ಉಜ್ಜಿಕೊಂಡರು. ಇನ್ನೊಂದು ಸಲ ಹಾಕು ಎಂದರು, ಇನ್ನೊಂದು ಸಲ ಹಾಕಿದೆ. ಮೂರನೆಯ ಸಲವೂ ಹಾಕಿಸಿಕೊಂಡರು. ಟವೆಲ್ ಕೊಟ್ಟರೆ ಬೇಡವೆಂದು ತಲೆಯಾಡಿಸಿದರು, ಎಲ್ಲಿ ಏನು ಮೆತ್ತಿಕೊಂಡಿರುತ್ತದೋ ಎಂಬಂತೆ. "ಈಗ ಕೊಡು," ಎಂದರು.

ಅದಾದ ಹನ್ನೊಂದನೆಯ ದಿನ ಸೀತತ್ತೆ ಹೋದರು. ಎಳ್ಳು ಇನ್ನೂ ನಾಲ್ಕು ವರ್ಷ ಇತ್ತು. ಆಮೇಲೆ ಅಪ್ಪ ಅಮ್ಮ ನಮ್ಮ ಜೊತೆಗೇ ಬಂದರು, ಮನೆ ಬೇರೆಯವರ ಕೈಗೆ ಹೋಯಿತು, ಬಾವಿಯನ್ನು ಮುಚ್ಚಿದರು, ನುಗ್ಗೆ ಮರ ಕಡಿದರು. ಅದನ್ನೆಲ್ಲ ನಾನು ನೋಡಲು ಹೋಗಲಿಲ್ಲ. ನನ್ನ ಮಟ್ಟಿಗೆ ಆ ಮನೆ ಈಗಲೂ ಆ ಮಧ್ಯಾಹ್ನದಲ್ಲೇ ಇದೆ. ನಾನು ಎಳ್ಳನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ. ಅಭ್ಯಾಸ ತಪ್ಪಿದ್ದ ಅದು ಒಂದು ಕ್ಷಣ ನಾಲ್ಕೂ ಕಾಲು ಬಿಗಿಹಿಡಿದು ನಿಂತಿತು, ಅವರೂ ಕೈ ಎತ್ತಿಕೊಂಡೇ ಇದ್ದರು. ಆಮೇಲೆ ಎಳ್ಳು ಕಾಲು ಮಡಿಸಿ ಕೂತಿತು. ಸೀತತ್ತೆ ಬಲಗೈಯನ್ನು ನಿಧಾನವಾಗಿ ಇಳಿಸಿ ಅದರ ಬೆನ್ನಿನ ಮೇಲಿಟ್ಟರು. ಕೈ ಇನ್ನೂ ಒದ್ದೆಯಾಗಿತ್ತು. ಅವರು ಸವರಿ ಕೈಯೆತ್ತಿದ ಕಡೆ ಬಿಳಿ ಕೂದಲಿನ ಮೇಲೆ ಐದು ಬೆರಳಿನ ಗುರುತು ಮೂಡಿತು, ಸ್ವಲ್ಪ ಹೊತ್ತು ಇತ್ತು, ಆಮೇಲೆ ಆರಿತು.